ಅಡೂರಿನ ಮೂಲಬನದಲ್ಲಿ

ಅಡೂರು, ಮಧೂರು, ಕಾವು, ಕಣ್ಯಾರ. ಕುಂಬಳೆ ಸೀಮೆಯ ಈ ನಾಲ್ಕು ದೇವಸ್ಥಾನಗಳನ್ನು ನಮ್ಮ ಕಡೆಯ ಹಿರಿಯರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅಡೂರಿನಲ್ಲಿ ಮಹಾಲಿಂಗೇಶ್ವರ, ಮಧೂರಿನಲ್ಲಿ ಮದನಂತೇಶ್ವರನ ಸನ್ನಿಧಿಯ ಗಣಪತಿ, ಕಾವು ಅಂದರೆ ಮುಜುಂಗಾವಿನಲ್ಲಿ ಪಾರ್ಥಸಾರಥಿ, ಕಣ್ಯಾರ ಅಂದರೆ ಕುಂಬಳೆಯಲ್ಲಿ ಗೋಪಾಲಕೃಷ್ಣ. ಮೊದಲನೆಯ ಊರು ನಮ್ಮ ಹೆಸರಿನಲ್ಲೇ ಇದೆ. ಅಜ್ಜ ಅಡೂರು, ಅಪ್ಪ ಅಡೂರು, ನಾನೂ ಅಡೂರು. ಮನೆ ಮಾತ್ರ ಪೆರ್ಲದ ಕಡೆ.

ಕಾಸರಗೋಡಿನವರ ಹೆಸರಿಗೆ ಊರು ಅಂಟಿಕೊಂಡೇ ಇರುತ್ತದೆ. ಕಯ್ಯಾರ ಬಿಟ್ಟು ಕವಿ ಕಿಞ್ಞಣ್ಣ ರೈಗಳಿಲ್ಲ, ಶೇಣಿ ಬಿಟ್ಟು ಯಕ್ಷಗಾನದ ಗೋಪಾಲಕೃಷ್ಣ ಭಟ್ಟರಿಲ್ಲ. ಆದರೆ ಆ ಊರಿನ ದೇವರಿಗೆ ಅಡ್ಡಬೀಳದೆ ಊರಿನ ಹೆಸರನ್ನು ಹೊತ್ತು ತಿರುಗುವುದು ನನಗೆ ಸಾಲವಿಟ್ಟುಕೊಂಡ ಹಾಗೆ ಅನಿಸತೊಡಗಿತ್ತು.

ನಾಗರ ಪಂಚಮಿಗೆ ದೊಡ್ಡಪ್ಪ, ಅತ್ತೆ, ಮಕ್ಕಳು ಎಲ್ಲರೂ ಕೂಡಿ ಅಡೂರಿಗೆ, ನಮ್ಮ ಕುಟುಂಬದ ನಾಗನ ಮೂಲಬನಕ್ಕೆ ಹೊರಟೆವು. ಪಯಸ್ವಿನಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ತರವಾಡು ಮನೆ, ಅಂದರೆ ಹಿರಿಯರ ಮೂಲ ಮನೆ, ಈಗ ಬೇರೆಯವರದು. ಜಾಗ ಕೊಡಬಹುದು, ನಾಗನನ್ನು ಕೊಡಲಾಗುವುದಿಲ್ಲ. ಆ ಪುಣ್ಯಾತ್ಮರು ಬನದ ದಾರಿಯ ಹುಲ್ಲು ಸವರಿ ನಮಗಾಗಿ ಕಾದಿದ್ದರು.

ತೋಟದ ಮೇಲ್ಬದಿಗೆ, ಗುಡ್ಡದ ಬುಡದಲ್ಲಿ ಸುರಂಗ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗಿನ ಒರತೆ ತಾನಾಗಿ ಹೊರಗೆ ಹರಿದು ಕೆರೆಗೆ ಬೀಳುವಂತೆ ಮಾಡಿದ್ದಾರೆ. ಪಂಪಿಲ್ಲದ ಕಾಲದಲ್ಲಿ ಈ ಸೀಮೆಯ ಎಷ್ಟೋ ಅಡಕೆ ತೋಟಗಳನ್ನು ಸಾಕಿದ್ದು ಇಂಥ ನೀರು. "ಇದು ನಮ್ಮ ಹಿರಿಯರು ಕೊರೆಶಿದ್ದು ಮಗಾ" ಎಂದರು ದೊಡ್ಡಪ್ಪ. ಕತ್ತಲೆಯಲ್ಲಿ ಬಗ್ಗಿ ಕುಳಿತು ಪಿಕ್ಕಾಸು ಬೀಸಿದ ಕೈಗಳನ್ನು ನೆನೆದು ಆ ನೀರನ್ನು ಕಣ್ಣಿಗೊತ್ತಿಕೊಂಡೆ. ಅದನ್ನೇ ಕೊಡಪಾನದಲ್ಲಿ ತುಂಬಿ ನಾಗನಿಗೆ ಅಭಿಷೇಕ ಮಾಡಿಸಿದೆವು. ಬಳಿಕ ಹಾಲು, ಬೊಂಡದ ನೀರು, ಅರಸಿನ ಹುಡಿ, ಅಡಕೆ ಹೂವಿನ ಹಿಂಗಾರ.

"ಗೊತ್ತಿದ್ದೋ ಗೊತ್ತಿಲ್ಲದೆಯೋ ಬಿಟ್ಟುಹೋದ ಸೇವೆಯನ್ನು ಮನ್ನಿಸಬೇಕು" ಎಂದು ಭಟ್ಟರು ಪ್ರಾರ್ಥಿಸುವಾಗ ಅತ್ತೆ ಬಿಕ್ಕಿದರು. ಮದುವೆಯಾಗಿ ಹೋದ ಮೇಲೆ ಅವರ ಗೋತ್ರ ಬೇರೆ, ಹೆಸರಿನ ಊರೂ ಬೇರೆ. ತವರಿನ ನಾಗನಿಗೆ ಸಲ್ಲಿಸುವ ತಂಬಿಲ ಸೇವೆಗೆ ಅವರನ್ನು ಯಾರೂ ಕರೆದಿರಲಿಲ್ಲ. ಆದರೆ ಈ ಬನದ ಗುರುತು ಹೇಳಿದ್ದು ಅವರೇ. ಅಜ್ಜಿಯಿಂದ ಕೇಳಿ ನೆನಪಿಟ್ಟದ್ದು. ಹುಟ್ಟಿದ ಮನೆಯ ನಾಗ ಹೆಣ್ಣುಮಕ್ಕಳನ್ನು ಮರೆಯುತ್ತಾನೆಂದು ನಾನಂತೂ ನಂಬಲಾರೆ.

ಮಧ್ಯಾಹ್ನದ ಪೂಜೆಗೆ ಮಹಾಲಿಂಗೇಶ್ವರನಲ್ಲಿಗೆ ಬಂದೆವು. ರುದ್ರಾಭಿಷೇಕಕ್ಕೆ ಹೆಸರು ಬರೆಸುವಾಗ ಮೊದಲು ಅತ್ತೆಯದನ್ನೇ ಬರೆಸಿದೆವು. ಪ್ರಸಾದ ಕೈಗೆ ಬಂದ ಮೇಲೆ ದೊಡ್ಡಪ್ಪ ದೇವರ ನಡೆಯಲ್ಲೇ ನಿಂತು, ಮುಂದಿನ ವರ್ಷದಿಂದ ತಂಬಿಲಕ್ಕೆ ಕರೆಯುವ ಹೇಳಿಕೆ, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಮನೆಗಳಿಗೂ ಹೋಗಬೇಕು ಎಂದರು.