ಯಾವುದು ಕೊನೆಯ ಫೈಲ್?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮನೆ ಪೆರ್ಲದ ಕಡೆ. ಅಚ್ಚು ಹಾಕಿಸುವುದು ಮಂಗಳೂರಿನಲ್ಲಿ. ಹಾಗಾಗಿ ನಾನು ಹಿಡಿದ ಒಂದೊಂದು ಕೆಲಸವೂ ಮೂರು ಊರು ಸುತ್ತುತ್ತದೆ. ಹಗಲು ಅಂಗಡಿಯ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ರಾತ್ರಿ ಮನೆಯ ಲ್ಯಾಪ್‌ಟಾಪಿನಲ್ಲಿ ತಿದ್ದುವುದು, ಮರುದಿನ ಗಡಿ ದಾಟಿಸಿ ಪ್ರೆಸ್ಸಿಗೆ ಮುಟ್ಟಿಸುವುದು. ದೇವಸ್ಥಾನದ ಆಮಂತ್ರಣ, ಸಹಕಾರಿ ಸಂಘದ ಮಹಾಸಭೆಯ ವರದಿ, ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನದ ಕರಪತ್ರ, ರಶೀದಿ ಪುಸ್ತಕ. ಕಾಸರಗೋಡು ಅಲ್ವಾ, ಇವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕನ್ನಡ, ಮಲಯಾಳ ಎರಡರಲ್ಲೂ ಆಗಬೇಕು.

ಮೊದಲ ಒಂಬತ್ತು ವರ್ಷ ಈ ಓಡಾಟವೆಲ್ಲ ಪೆನ್‌ಡ್ರೈವ್‌ನಲ್ಲೇ ನಡೆಯಿತು. ಬೀಗದ ಕೈ ಗೊಂಚಲಿನಲ್ಲಿ ಒಂದು, ಬ್ಯಾಗಿನ ಜಿಪ್ಪಿನೊಳಗೆ ಇನ್ನೊಂದು. ಅದರ ಮೇಲೆ ನನಗೆ ನಾನೇ ಮೇಲ್ ಮಾಡಿಕೊಳ್ಳುವುದು ಬೇರೆ. ಕೆಲಸ ಕಳೆದುಹೋದೀತು ಎಂಬ ಹೆದರಿಕೆಯಲ್ಲಿ ಕಂಡಲ್ಲೆಲ್ಲ ಕಾಪಿ ಇಡುತ್ತಿದ್ದೆ. ಕಾಪಿ ಜಾಸ್ತಿಯಾದಷ್ಟೂ ತಪ್ಪಿಗೆ ದಾರಿ ಜಾಸ್ತಿ ಎಂದು ಗೊತ್ತಾದದ್ದು 2017ರ ಮಾರ್ಚ್ ತಿಂಗಳಲ್ಲಿ.

ಒಂದು ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ. ನಮ್ಮ ಕಡೆಯ ಇಂಥ ಪತ್ರಿಕೆ ನೋಡಿದವರಿಗೆ ಗೊತ್ತು, ಅದರ ತುಂಬ ಹೆಸರುಗಳು. ಸಮಿತಿಯವರು, ಉಪಸಮಿತಿಯವರು, ದಿನಕ್ಕೊಂದು ಸಭೆ, ಸಭೆಗೆ ಹತ್ತು ಅತಿಥಿಗಳು. ಒಂದು ಇನೀಷಿಯಲ್ ತಪ್ಪಿದರೂ ಒಬ್ಬರಿಗೆ ನೋವು. ಹಾಗಾಗಿ ತಿದ್ದುಪಡಿ ಮುಗಿಯುವುದೇ ಇಲ್ಲ. ಆ ಸಲ ಕೊನೆಯ ತಿದ್ದುಪಡಿ ರಾತ್ರಿ ಹತ್ತೂವರೆಗೆ ಬಂತು. ಕಾರ್ಯದರ್ಶಿಗಳ ಫೋನ್. "ಅಕ್ಕಾ, ಕಲಶಾಭಿಷೇಕದ ಮುಹೂರ್ತ ಬದಲಾಗಿದೆ. 8.46 ಅಲ್ಲ, 9.22. ಮೇಷ ಲಗ್ನ ತೆಗೆದು ವೃಷಭ ಮಾಡಿ. ತಂತ್ರಿಗಳು ಈಗಷ್ಟೇ ಹೇಳಿದರು."

ಕನ್ನಡದ್ದು ಒಂದು ಫೈಲ್, ಮಲಯಾಳದ್ದು ಇನ್ನೊಂದು. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ತಿದ್ದಿದೆ, ಪೆನ್‌ಡ್ರೈವ್‌ಗೆ ಹಾಕಿದೆ, ಮಲಗಿದೆ. ಆ ಪೆನ್‌ಡ್ರೈವ್‌ನಲ್ಲಿ ಆಗಲೇ "ಫೈನಲ್", "ಫೈನಲ್ ಹೊಸದು", "ಫೈನಲ್ ಹೊಸದು 2" ಎಂದು ಮೂರು ಫೈಲ್ ಇದ್ದವು. ಬೆಳಿಗ್ಗೆ ಪ್ರೆಸ್ಸಿನವರು ಅವಸರ ಮಾಡಿದರು. ಮಲಯಾಳದ್ದು ಸರಿಯಾದ ಫೈಲ್ ಹೋಯಿತು. ಕನ್ನಡದ್ದು ಹಿಂದಿನ ದಿನದ್ದು ಹೋಯಿತು. ಮೂರು ಸಾವಿರ ಪ್ರತಿ ಅಚ್ಚಾಗಿ ಬಂದಾಗ ಒಂದೇ ಕಾಗದದ ಈ ಬದಿಯಲ್ಲಿ 8.46, ಆ ಬದಿಯಲ್ಲಿ 9.22.

ಮುಹೂರ್ತದ ಗಂಟೆ, ಲಗ್ನ ಅಷ್ಟೇ ಇರುವ ಪುಟ್ಟ ಸ್ಟಿಕ್ಕರ್ ಮಾಡಿಸಿದೆ. ದೇವಸ್ಥಾನದ ಊಟದ ಹಾಲ್‌ನಲ್ಲಿ ಚಾಪೆ ಹಾಸಿ ಎರಡು ರಾತ್ರಿ ಕೂತು ಅಂಟಿಸಿದೆವು. ನನ್ನ ಮನೆಯವರು, ಯುವಕ ಸಂಘದ ಹುಡುಗರು, ಸಮಿತಿಯ ಹಿರಿಯರು ಎಲ್ಲರೂ ಬಂದರು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಒಂದೊಂದು ಸ್ಟಿಕ್ಕರನ್ನೂ ಹಳೆಯ ಅಂಕಿ ಪೂರ್ತಿ ಮುಚ್ಚುವ ಹಾಗೆ ಇಟ್ಟು, ಹೆಬ್ಬೆರಳಿನ ಉಗುರಿನಿಂದ ನಾಲ್ಕು ಮೂಲೆಯನ್ನೂ ಒತ್ತುತ್ತಿದ್ದರು. ಯಾರೂ ಒಂದು ಮಾತು ಅನ್ನಲಿಲ್ಲ. ಅವರ ಉಗುರನ್ನು ನೋಡುತ್ತಾ, ಇನ್ನು ಹೀಗೆ ಕೆಲಸ ಮಾಡಬಾರದು ಎಂದು ನಿರ್ಧಾರ ಮಾಡಿದೆ.

ಆ ವಾರವೇ ಅಂಗಡಿಯ ಕಂಪ್ಯೂಟರಿಗೂ ಮನೆಯ ಲ್ಯಾಪ್‌ಟಾಪಿಗೂ ಗೂಗಲ್ ಡ್ರೈವ್ ಹಾಕಿಸಿದೆ. ವಿಷಯ ತುಂಬಾ ಸರಳ. ಎರಡೂ ಕಡೆ ಒಂದೇ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಅಂಗಡಿಯಲ್ಲಿ ಫೈಲ್ ಸೇವ್ ಮಾಡಿದರೆ ಅದು ಇಂಟರ್ನೆಟ್ ಮೂಲಕ ಮೇಲೆ ಹೋಗುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಇದಕ್ಕೇ ಸಿಂಕ್ ಎನ್ನುವುದು. ಫೋನಿನಲ್ಲೂ ಅದನ್ನೇ ನೋಡಬಹುದು. ನಾವು ಏನೂ ಹೊತ್ತುಕೊಂಡು ತಿರುಗಬೇಕಾಗಿಲ್ಲ. ಗೂಗಲ್ 15 ಜಿಬಿ ಜಾಗ ಉಚಿತವಾಗಿ ಕೊಡುತ್ತದೆ, ಆದರೆ ಜಿಮೇಲ್ ಮತ್ತು ಫೋಟೋಗಳೂ ಅದರಲ್ಲೇ ಪಾಲು ತಗೊಳ್ಳುತ್ತವೆ. ಇಂಥದ್ದೇ ಬೇರೆ ಸೇವೆಗಳಾದ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ 5 ಜಿಬಿ, ಡ್ರಾಪ್‌ಬಾಕ್ಸ್‌ನಲ್ಲಿ 2 ಜಿಬಿ. ಬರೀ ಟೈಪಿಂಗ್ ಕೆಲಸಕ್ಕೆ ಇಷ್ಟು ಧಾರಾಳ ಸಾಕು. ಫೋಟೋ ತುಂಬಿದ ಸ್ಮರಣ ಸಂಚಿಕೆ ಮಾಡುವ ನನ್ನಂಥವರು ಸ್ವಲ್ಪ ದುಡ್ಡು ಕೊಟ್ಟು ಜಾಗ ತಗೊಳ್ಳಲೇಬೇಕು. ನಾನು ತಗೊಂಡಿದ್ದೇನೆ. ಪೇಪರು, ಇಂಕಿಗೆ ಕೊಡುವುದರ ಮುಂದೆ ಅದು ದೊಡ್ಡ ಖರ್ಚಲ್ಲ.

ಫೈಲ್ ಕಳೆದುಹೋಗುವುದಿಲ್ಲ ಎನ್ನುವುದನ್ನೇ ಎಲ್ಲರೂ ಇದರ ಲಾಭ ಎಂದು ಹೇಳುತ್ತಾರೆ. ನನಗೆ ಆದ ದೊಡ್ಡ ಲಾಭ ಅದಲ್ಲ. "ಯಾವುದು ಕೊನೆಯದ್ದು?" ಎಂಬ ಪ್ರಶ್ನೆಯೇ ಹೋಯಿತು. ಈಗ ಒಂದು ಕೆಲಸಕ್ಕೆ ಒಂದೇ ಫೈಲ್, ಅದಕ್ಕೆ ಒಂದೇ ಹೆಸರು. "ಫೈನಲ್" ಎಂಬ ಪದವನ್ನು ಫೈಲಿನ ಹೆಸರಿಗೆ ಸೇರಿಸುವುದನ್ನೇ ನಿಲ್ಲಿಸಿದೆ. ನಿನ್ನೆ ಹೇಗಿತ್ತು ಎಂದು ನೋಡಬೇಕಾದರೆ ಡ್ರೈವ್‌ನಲ್ಲೇ ಹಳೆಯ ಆವೃತ್ತಿಗಳು ಸಿಗುತ್ತವೆ. ನಾವು ಹಾಕಿದ ಫೈಲಿನ ಹಿಂದಿನ ರೂಪಗಳನ್ನು ಗೂಗಲ್ 30 ದಿನ, ಇಲ್ಲವೇ 100 ಆವೃತ್ತಿಗಳವರೆಗೆ ಇಟ್ಟುಕೊಳ್ಳುತ್ತದೆ. "ಮೊನ್ನೆ ತೆಗೆದ ಆ ಹೆಸರು ವಾಪಸ್ ಹಾಕಿ" ಎಂದು ಸಮಿತಿಯವರು ಹೇಳಿದಾಗ ನಾನು ಈಗ ಗಾಬರಿಯಾಗುವುದಿಲ್ಲ.

ನಮ್ಮ ಕಸುಬಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮೊದಲ ವಾರ ನಾನು ಮನೆಗೆ ಬಂದು ಫೈಲ್ ತೆರೆದರೆ ಅಕ್ಷರಗಳೇ ಇಲ್ಲ. ಹಳೆಯ ಕನ್ನಡ ಫಾಂಟುಗಳು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ರೂಪ ಕೂರಿಸುವುದು ಫಾಂಟು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆಯ ಫಾಂಟಿನಲ್ಲಿ "ಕನ್ನಡ" ಎಂದು ಟೈಪ್ ಮಾಡಿದ್ದು, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಗುರುತು ಎಂದೆಲ್ಲ ಕಾಣುತ್ತದೆ. ಮಲಯಾಳದ ಹಳೆಯ ಫಾಂಟುಗಳ ಕಥೆಯೂ ಅದೇ. ಸಿಂಕ್ ಆಗುವುದು ಫೈಲ್ ಮಾತ್ರ, ಫಾಂಟ್ ತಾನಾಗಿ ಬರುವುದಿಲ್ಲ. ಅಂದಿನಿಂದ ಒಂದೊಂದು ಕೆಲಸಕ್ಕೂ ಒಂದು ಫೋಲ್ಡರ್, ಅದರೊಳಗೆ ಫಾಂಟಿಗೆ ಒಂದು, ಫೋಟೋಗೆ ಒಂದು. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಪ್ಯಾಕೇಜ್ ಎಂಬ ಸೌಲಭ್ಯ ಇದೆ, ಪುಟಕ್ಕೆ ಬಳಸಿದ ಫೋಟೋಗಳನ್ನೂ ಫಾಂಟುಗಳನ್ನೂ ಅದೇ ಒಂದು ಕಡೆ ಒಟ್ಟು ಮಾಡುತ್ತದೆ. ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ಮಾಡಿದ್ದಾದರೆ ಎರಡೂ ಕಂಪ್ಯೂಟರಿನಲ್ಲಿ ಒಂದೇ ಆವೃತ್ತಿ ಇರಬೇಕು. ಹೊಸದರಲ್ಲಿ ಸೇವ್ ಮಾಡಿದ್ದನ್ನು ಹಳೆಯದು ತೆರೆಯುವುದಿಲ್ಲ. ಇಷ್ಟನ್ನು ಮೊದಲೇ ಸರಿ ಮಾಡಿಕೊಳ್ಳದಿದ್ದರೆ ಸಿಂಕ್ ಮಾಡಿಯೂ ಕೆಲಸ ಮುಂದೆ ಹೋಗುವುದಿಲ್ಲ.

2018ರ ಅಕ್ಟೋಬರ್‌ನಲ್ಲಿ ಸಿಡಿಲು ಬಂತು. ತುಲಾ ತಿಂಗಳ ಸಂಜೆಯ ಗುಡುಗು ನಮ್ಮಲ್ಲಿ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕರೆಂಟಿನ ಪ್ಲಗ್ ತೆಗೆದಿದ್ದೆ, ಟೆಲಿಫೋನಿನ ತಂತಿ ತೆಗೆಯಲು ಮರೆತಿದ್ದೆ. ಮೋಡೆಮ್ ಸುಟ್ಟು, ಅದರ ಹಿಂದೆಯೇ ಕಂಪ್ಯೂಟರೂ ಹೋಯಿತು. ಬೆಳಿಗ್ಗೆ ಬಾಗಿಲು ತೆಗೆದಾಗ ಸುಟ್ಟ ವಾಸನೆ. ಅದರಲ್ಲಿ ಒಂದು ಸಂಘದ ವಾರ್ಷಿಕ ವರದಿ ಇತ್ತು, ಮಹಾಸಭೆಗೆ ಐದೇ ದಿನ ಬಾಕಿ. ಮನೆಗೆ ಹೋಗಿ ಲ್ಯಾಪ್‌ಟಾಪ್ ತಂದು ತೆರೆದೆ. ಹಿಂದಿನ ದಿನ ಸಂಜೆ ನಾನು ಬಿಟ್ಟಿದ್ದ ಜಾಗ, ಲಾಭ ನಷ್ಟದ ಪಟ್ಟಿಯ ಮೂರನೇ ಸಾಲು, ಹಾಗೇ ಇತ್ತು. ಮಧ್ಯಾಹ್ನಕ್ಕೆ ಪ್ರೂಫ್ ಕೊಟ್ಟೆ. ಕಂಪ್ಯೂಟರ್ ಹೋದದ್ದಕ್ಕೆ ದುಃಖ ಆಯಿತು, ನಿಜ. ಆದರೆ ಅದು ದುಡ್ಡು ಕೊಟ್ಟರೆ ಬರುವ ವಸ್ತು.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದಾಗಲೂ ಇದೇ ಆಸರೆ. ಪ್ರೆಸ್ ಆ ಕಡೆ, ನಾನು ಈ ಕಡೆ, ಅಂಗಡಿಗೆ ಬೀಗ. ಜೂನ್ 1ಕ್ಕೆ ಕೇರಳದಲ್ಲಿ ಆನ್‌ಲೈನ್ ತರಗತಿ ಶುರುವಾಯಿತು. ಪರಿಚಯದ ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರು ಫೋನ್ ಮಾಡಿ, "ಮಕ್ಕಳಿಗೆ ಕನ್ನಡದಲ್ಲಿ ನೋಟ್ಸ್ ಬೇಕು, ಟೈಪ್ ಮಾಡಿ ಕೊಡ್ತೀರಾ?" ಎಂದು ಕೇಳಿದರು. ಮನೆಯಲ್ಲೇ ಕೂತು ಟೈಪ್ ಮಾಡಿದೆ. ಅವರು ಅವರ ಮನೆಯಲ್ಲಿ ಅದೇ ಫೋಲ್ಡರ್ ತೆರೆದು ತಿದ್ದಿದರು. ಇಡೀ ಮಳೆಗಾಲ ನಾವಿಬ್ಬರೂ ಮುಖ ನೋಡಲಿಲ್ಲ, ಕೆಲಸ ಒಂದು ದಿನವೂ ನಿಲ್ಲಲಿಲ್ಲ.

ಗಲ್ಫಿನಲ್ಲಿ ಇರುವವರ ವಿಷಯದಲ್ಲೂ ಹಾಗೇ. ನಮ್ಮ ಕಡೆಯ ಯಾವ ಸಂಚಿಕೆಯಲ್ಲೂ ದುಬೈ, ಶಾರ್ಜಾದಿಂದ ಶುಭ ಕೋರುವವರ ಒಂದೆರಡು ಪುಟ ಇದ್ದೇ ಇರುತ್ತದೆ. ಮೊದಲು ಅವರು ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸುತ್ತಿದ್ದರು. ಹಾಗೆ ಕಳಿಸಿದರೆ ಫೋಟೋ ಕುಗ್ಗಿ ಬರುತ್ತದೆ. ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಈಗ ಒಂದು ಫೋಲ್ಡರಿನ ಲಿಂಕ್ ಕೊಡುತ್ತೇನೆ, ಅವರು ಅದಕ್ಕೇ ಹಾಕುತ್ತಾರೆ. ಪ್ರೂಫ್ ನೋಡಲು ಕೊಡುವ ಲಿಂಕ್ ಮಾತ್ರ ನೋಡುವುದಕ್ಕಷ್ಟೇ, ತಿದ್ದಲು ಆಗದ ಹಾಗೆ. ಇದನ್ನು ಮರೆಯದೆ ನೋಡಿಕೊಳ್ಳಿ. ಆಧಾರ್, ಪಾಸ್‌ಬುಕ್ಕಿನಂಥ ಗ್ರಾಹಕರ ದಾಖಲೆಗಳನ್ನು ನಾನು ಹಂಚಿಕೊಳ್ಳುವ ಫೋಲ್ಡರಿನಲ್ಲಿ ಇಡುವುದೇ ಇಲ್ಲ. ಪಾಸ್‌ವರ್ಡ್ ಜೊತೆ ಫೋನಿನಲ್ಲೂ ಒಪ್ಪಿಗೆ ಕೇಳುವ ಎರಡು ಹಂತದ ಲಾಗಿನ್ ಹಾಕಿದ್ದೇನೆ. ಜನ ನಮ್ಮನ್ನು ನಂಬಿ ಕಾಗದ ಕೊಟ್ಟಿರುತ್ತಾರೆ.

ಒಂದು ಸಲ ನಿಜವಾಗಿ ಎದೆ ನಡುಗಿತ್ತು. ಜೊತೆಗೆ ಕೆಲಸ ಮಾಡುವ ಹುಡುಗಿ, ಅಂಗಡಿಯ ಕಂಪ್ಯೂಟರಿನಲ್ಲಿ ಜಾಗ ಇಲ್ಲ ಎಂದು ಹಳೆಯ ವರ್ಷದ ಫೋಲ್ಡರ್ ಅಳಿಸಿದಳು. ಮನೆಯಲ್ಲಿ ಹೇಗೂ ಒಂದು ಕಾಪಿ ಇದೆ ಎಂದು ಅವಳ ಲೆಕ್ಕ. ಅಷ್ಟು ಹೊತ್ತಿಗೆ ಮನೆಯ ಲ್ಯಾಪ್‌ಟಾಪಿನಿಂದಲೂ, ಫೋನಿನಿಂದಲೂ ಅದು ಹೋಗಿತ್ತು. ತಪ್ಪು ಅವಳದ್ದಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ಸಿಂಕ್ ಅಂದರೆ ಎಲ್ಲ ಕಡೆ ಒಂದೇ ಥರ ಇರುವುದು. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದಾದ್ದರಿಂದ ಅಲ್ಲಿಂದ ವಾಪಸ್ ಪಡೆದೆವು. ಒಂದು ತಿಂಗಳು ದಾಟಿ ಗಮನಕ್ಕೆ ಬಂದಿದ್ದರೆ ಹೋಯಿತು ಎಂದೇ ಲೆಕ್ಕ. ಆ ಮೇಲೆ ಶನಿವಾರ ಸಂಜೆ ಅಂಗಡಿ ಮುಚ್ಚುವ ಮೊದಲು ಬೇರೆ ಹಾರ್ಡ್‌ಡಿಸ್ಕಿಗೆ ಎಲ್ಲವನ್ನೂ ಕಾಪಿ ಮಾಡುತ್ತೇವೆ. ಕಾಪಿ ಆದ ಕೂಡಲೇ ತಂತಿ ಬಿಡಿಸಿ ಕಪಾಟಿನಲ್ಲಿ ಇಡುತ್ತೇವೆ. ಸಿಂಕ್ ಇದೆ ಎಂದು ಇದನ್ನು ಬಿಡಬೇಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಇನ್ನೊಂದು ಅಭ್ಯಾಸ ಸಣ್ಣದು, ಆದರೆ ಬಿಡುವಂಥದ್ದಲ್ಲ. ಸಂಜೆ ಮನೆಗೆ ಹೊರಡುವಾಗ ಫೈಲ್ ಮುಚ್ಚಬೇಕು, ಸಿಂಕ್ ಪೂರ್ತಿ ಆಯಿತು ಎನ್ನುವ ಟಿಕ್ ಗುರುತು ಬರುವ ತನಕ ಕಾಯಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗಲು ಶುರುವಾದರೆ ಕೈ ನೇರ ಶಟ್‌ಡೌನ್‌ಗೆ ಹೋಗುತ್ತದೆ. ಆಗ ಅರ್ಧ ಮೇಲೆ ಹೋದ ಫೈಲ್ ಅಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಸಿಗುವುದು ಹಳೆಯದು, ಅದನ್ನು ತಿದ್ದಿದರೆ ಎರಡು ಬೇರೆ ಬೇರೆ ಫೈಲ್ ಆಗಿ ಕೂರುತ್ತವೆ. ಇಂಥ ಹೊತ್ತಿನಲ್ಲಿ ಡ್ರಾಪ್‌ಬಾಕ್ಸ್ ಎರಡನ್ನೂ ಉಳಿಸಿ, ಎರಡನೆಯದರ ಹೆಸರಿನಲ್ಲೇ ಇದು ಹೊಂದದ ಕಾಪಿ ಎಂದು ಬರೆಯುತ್ತದೆ. ನಿಧಾನ ಇಂಟರ್ನೆಟ್ ಇರುವವರಿಗೆ ಅದರಲ್ಲಿ ಇನ್ನೊಂದು ಅನುಕೂಲ ಇದೆ. ದೊಡ್ಡ ಫೈಲಿನಲ್ಲಿ ಬದಲಾದ ಭಾಗವನ್ನಷ್ಟೇ ಅದು ಕಳಿಸುತ್ತದೆ. ನನ್ನ ಅಂಗಡಿಗೆ ಈಗ ಫೈಬರ್ ಬಂದಿದೆ, ಹಾಗಾಗಿ ಆ ಚಿಂತೆ ಕಡಿಮೆಯಾಗಿದೆ. ಮನೆಯಲ್ಲಿ ಈಗಲೂ ಮೊಬೈಲ್ ನೆಟ್ಟೇ. ಗಾಳಿ ಮಳೆಗೆ ಅದು ಹೋಗುತ್ತದೆ, ಬರುತ್ತದೆ. ಅದಕ್ಕೇ ಆ ವಾರದ ಕೆಲಸದ ಫೋಲ್ಡರನ್ನು ಆಫ್‌ಲೈನ್‌ನಲ್ಲೂ ತೆರೆಯುವಂತೆ ಗುರುತು ಹಾಕಿ ಇಟ್ಟಿರುತ್ತೇನೆ.

ಈಗ ಬಿಡುವು ಸಿಕ್ಕಾಗ ಕಪಾಟಿನ ಹಳೆಯ ಸಿಡಿಗಳನ್ನು ಹೊರಗೆ ತೆಗೆಯುತ್ತಿದ್ದೇನೆ. ಅಂಗಡಿ ಶುರು ಮಾಡಿದ ಹೊಸತರಲ್ಲಿ ಮುಗಿದ ಕೆಲಸವನ್ನೆಲ್ಲ ಸಿಡಿಗೆ ಬರೆದು ಇಡುತ್ತಿದ್ದೆ. ನಮ್ಮ ಊರಿನ ತೇವಕ್ಕೆ ಕೆಲವದರ ಮೇಲೆ ಬೂಸು ಹಿಡಿದಿದೆ, ಕೆಲವು ಓದುವುದೇ ಇಲ್ಲ. ಕಳೆದ ತಿಂಗಳು ಒಬ್ಬರು ಬಂದು, "ನಮ್ಮ ಅಪ್ಪ ಶಾಲೆಯ ಸಂಚಿಕೆಗೆ ಒಂದು ಲೇಖನ ಬರೆದಿದ್ದರು, ನಿಮ್ಮಲ್ಲೇ ಟೈಪ್ ಆದದ್ದು, ಸಿಗಬಹುದಾ ಅಕ್ಕಾ?" ಎಂದು ಕೇಳಿದರು. ಅಪ್ಪ ತೀರಿಕೊಂಡಿದ್ದಾರೆ, ಪುಸ್ತಕ ಮನೆಯಲ್ಲಿ ಉಳಿದಿಲ್ಲ. ನಾಲ್ಕನೇ ಸಿಡಿಯಲ್ಲಿ ಸಿಕ್ಕಿತು. ಹಳೆಯ ಫಾಂಟಿನಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಕೆಟ್ಟಿದ್ದನ್ನು ಕೈಯಲ್ಲೇ ಸರಿ ಮಾಡಿ, ಅವರ ಫೋನಿಗೆ ಕಳಿಸಿದೆ. ಅವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿಯೇ ಎದ್ದರು.

ಈವರೆಗೆ ಹನ್ನೊಂದು ಸಿಡಿಯಲ್ಲಿ ಇದ್ದದ್ದನ್ನು ಡ್ರೈವ್‌ಗೆ ಹಾಕಿ ಆಗಿದೆ. ಇನ್ನೂ ನಲವತ್ತರ ಹತ್ತಿರ ಇವೆ. ಮಳೆಗಾಲ ಶುರುವಾಗುವ ಮೊದಲು ಮುಗಿಸಬೇಕು ಎಂದು ದಿನಕ್ಕೊಂದರಂತೆ ಹಿಡಿದಿದ್ದೇನೆ.