ಅಡ್ರಿನಲ್ ಸುಸ್ತು ಅಂತ ಒಂದು ವರ್ಷ ನಂಬಿದ್ದೆ

ಎಂಟು ಗಂಟೆ ನಿದ್ದೆ ಮಾಡಿ ಎದ್ದಿದ್ದೆ. ಮಂಚದ ಅಂಚಿನಲ್ಲಿ ಕೂತು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡೆ. ಇನ್ನೊಂದು ಕೈಯಲ್ಲೇ ಉಳಿಯಿತು. ಬಗ್ಗಿ ಅದನ್ನು ಹಾಕಿಕೊಳ್ಳುವಷ್ಟು ಕಸುವಿರಲಿಲ್ಲ, ಮೈಯೆಲ್ಲಾ ಒದ್ದೆ ಕಂಬಳಿಯ ಹಾಗೆ ಭಾರ. ಹತ್ತು ನಿಮಿಷ ಹಾಗೇ ಕೂತಿದ್ದೆ.

ಇಂಥ ಬೆಳಗು ತಿಂಗಳುಗಟ್ಟಲೆ ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಫೋನ್ ಹಿಡಿದು ಹುಡುಕಿದೆ. 'ಅಡ್ರಿನಲ್ ಫಟೀಗ್', ಅಂದರೆ ಅಡ್ರಿನಲ್ ಗ್ರಂಥಿಯ ಸುಸ್ತು, ಅನ್ನುವ ಹೆಸರು ಸಿಕ್ಕಿತು. ಬೆಳಗ್ಗೆ ಏಳಲು ಆಗುವುದಿಲ್ಲ, ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ಉಪ್ಪು ಸಿಹಿ ಜಾಸ್ತಿ ಬೇಕು ಅನಿಸುತ್ತದೆ, ರಾತ್ರಿ ಹತ್ತರ ಮೇಲೆ ಮಾತ್ರ ಚುರುಕು ಬರುತ್ತದೆ. ಆ ಪಟ್ಟಿ ಓದಿ ನನಗೆ ನಿಜವಾಗಿ ಅಳು ಬಂತು. ಅಷ್ಟು ದಿನ 'ಸುಮ್ನೆ ಯೋಚನೆ ಮಾಡಬೇಡ' ಅನ್ನುವ ಮಾತನ್ನೇ ಕೇಳಿದ್ದವಳಿಗೆ ತನ್ನ ಕಷ್ಟಕ್ಕೆ ಒಂದು ಹೆಸರು ಸಿಕ್ಕರೆ ಎಷ್ಟು ಸಮಾಧಾನ ಅಲ್ವಾ?

ಅಲ್ಲಿ ಹೇಳಿದ್ದ ಕಾರಣವೂ ಸರಳವಾಗಿತ್ತು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಎರಡು ಅಡ್ರಿನಲ್ ಗ್ರಂಥಿಗಳಿವೆ, ಒಂದೊಂದು ನಾಲ್ಕೈದು ಗ್ರಾಂ ತೂಕ. ಒತ್ತಡ ಬಂದಾಗ ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಸುರಿಸುವುದು ಇವೇ. ವರ್ಷಗಟ್ಟಲೆ ಟೆನ್ಷನ್, ನಿದ್ದೆಗೇಡು, ಹೊಟ್ಟೆಗೆ ಸರಿಯಾಗಿ ತಿನ್ನದಿರುವುದು, ಇದೆಲ್ಲಾ ಸೇರಿ ಗ್ರಂಥಿ ಸುಸ್ತಾಗಿ ಬಿಡುತ್ತದೆ, ಕಾರ್ಟಿಸಾಲ್ ಬತ್ತಿ ಹೋಗುತ್ತದೆ ಅಂತ. 1998ರಲ್ಲಿ ಜೇಮ್ಸ್ ವಿಲ್ಸನ್ ಅನ್ನುವ ಅಮೆರಿಕದ ಕೈರೊಪ್ರಾಕ್ಟರ್ (ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಈ ಹೆಸರನ್ನು ಚಾಲ್ತಿಗೆ ತಂದರು. ಕೇಳಲು ಎಷ್ಟು ಸರಿ ಅನಿಸುತ್ತದೆ! ನಾವು ದಣಿಯುತ್ತೇವೆ, ಗ್ರಂಥಿ ಯಾಕೆ ದಣಿಯಬಾರದು?

ಆದರೆ ಆ ಗ್ರಂಥಿ ಕೆಲಸ ಮಾಡುವ ರೀತಿಯೇ ಬೇರೆ. ಅದರಲ್ಲಿ ಕಾರ್ಟಿಸಾಲ್ ತುಂಬಿಟ್ಟ ಟ್ಯಾಂಕ್ ಏನೂ ಇಲ್ಲ ಖಾಲಿಯಾಗಲು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಸಿಟಿಎಚ್ ಅನ್ನುವ ಹಾರ್ಮೋನ್ ಕಳಿಸಿದಾಗ ಅದು ಹೊಸದಾಗಿ ತಯಾರಿಸುತ್ತದೆ, ಹೆಚ್ಚು ಕೇಳಿದರೆ ಹೆಚ್ಚು ತಯಾರಿಸುತ್ತದೆ. ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳಿಗೆ ಬಿಡದೆ ಹಿಂಸೆಯಾಗುವಂತೆ ಮಾಡಿ ನೋಡಿದಾಗ ಅವುಗಳ ಅಡ್ರಿನಲ್ ಗ್ರಂಥಿ ಸೊರಗಿರಲಿಲ್ಲ, ದಪ್ಪಗಾಗಿತ್ತು. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಸಂಶೋಧಕರು 58 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಹೀಗೊಂದು ಕಾಯಿಲೆ ಇದೆ ಅನ್ನಲು ಆಧಾರ ಇಲ್ಲ ಅಂತ ಬರೆದರು. ಇದನ್ನೆಲ್ಲಾ ನಾನು ಓದಿದ್ದು ಆಮೇಲೆ. ಮೊದಲು ತಗೊಂಡಿದ್ದು 'ಅಡ್ರಿನಲ್ ಸಪೋರ್ಟ್' ಅಂತ ಬರೆದಿದ್ದ ಮಾತ್ರೆಯ ಡಬ್ಬಿ.

ಒಂದು ವರ್ಷ ಕಳೆದ ಮೇಲೆ ಒಬ್ಬ ಹಾರ್ಮೋನ್ ಡಾಕ್ಟರ್ ಹತ್ತಿರ ಹೋದೆ. ಅವರು ನಗಲಿಲ್ಲ, ಗದರಲಿಲ್ಲ. ನನ್ನ ಅಂಗೈ ಬಿಡಿಸಿ ಗೆರೆಗಳನ್ನು ದೀಪದ ಕೆಳಗೆ ನೋಡಿದರು. ತುಟಿ ಮೇಲೆತ್ತಿಸಿ ವಸಡು ನೋಡಿದರು. ಮಲಗಿಸಿ ಬಿಪಿ ಅಳೆದರು, ನಿಲ್ಲಿಸಿ ಮತ್ತೆ ಅಳೆದರು. ಯಾಕೆ ಅಂತ ಕೇಳಿದೆ. ಅಡ್ರಿನಲ್ ನಿಜವಾಗಿ ಕೈಕೊಟ್ಟರೆ ಅಂಗೈ ಗೆರೆ, ವಸಡು ಕಪ್ಪಾಗಬಹುದು, ಎದ್ದು ನಿಂತರೆ ಬಿಪಿ ಬೀಳುತ್ತದೆ, ತೂಕ ಇಳಿಯುತ್ತದೆ ಅಂದರು.

ಅದು ಅಡಿಸನ್ ಕಾಯಿಲೆ. ಥಾಮಸ್ ಅಡಿಸನ್ ಅನ್ನುವ ವೈದ್ಯರು 1855ರಲ್ಲೇ ಇದನ್ನು ವಿವರಿಸಿದ್ದರು. ಆಗ ಮುಖ್ಯ ಕಾರಣ ಕ್ಷಯ. ಈಗ ಹಲವು ಕಡೆ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಹೆಚ್ಚು, ಕ್ಷಯ ಇರುವ ಕಡೆ ಕ್ಷಯವೂ ಇದೆ. ಅಡಿಸನ್ ಅಲ್ಲದೆಯೂ ಕಾರ್ಟಿಸಾಲ್ ಕಡಿಮೆಯಾಗಬಹುದು, ಅದಕ್ಕೆ ಒಂದು ಕಾರಣ ನಮ್ಮ ಕೈಯಲ್ಲೇ ಇರುವಂಥದ್ದು. ಆಸ್ತಮಾ, ಕೀಲುನೋವು, ಚರ್ಮದ ತೊಂದರೆ ಅಂತ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ತಗೊಂಡವರಲ್ಲಿ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿರುತ್ತದೆ. 'ಈಗ ಹುಷಾರಾಗಿದ್ದೇನೆ' ಅಂತ ಒಂದೇ ದಿನಕ್ಕೆ ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯ. ದಯವಿಟ್ಟು ಹಾಗೆ ಮಾಡಬೇಡಿ, ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಇಳಿಸುತ್ತಾ ಬನ್ನಿ. ಹೆರಿಗೆಯಲ್ಲಿ ತುಂಬಾ ರಕ್ತ ಹೋದ ಕೆಲವು ತಾಯಂದಿರಲ್ಲಿ ಅಡ್ರಿನಲ್‌ಗೆ ಎಸಿಟಿಎಚ್ ಕಳಿಸುವ ಪಿಟ್ಯುಟರಿಯೇ ಹಾಳಾಗಿರುತ್ತದೆ. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಸುಸ್ತು ಹೋಗುವುದಿಲ್ಲ. 'ಬಾಣಂತಿ ಅಲ್ವಾ, ಸುಸ್ತು ಇದ್ದದ್ದೇ' ಅಂತ ವರ್ಷಗಟ್ಟಲೆ ತಳ್ಳಿಬಿಡುತ್ತಾರೆ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನನ್ನದು ಇದ್ಯಾವುದೂ ಅಲ್ಲ. ಬೆಳಗ್ಗೆ ಎಂಟಕ್ಕೆ ರಕ್ತ ತೆಗೆದರು. ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಗೆ ತಳ ಮುಟ್ಟುವ ಹಾರ್ಮೋನ್, ಹಾಗಾಗಿ ಯಾವಾಗಲೋ ತೆಗೆದ ರಕ್ತದಲ್ಲಿ ಕಡಿಮೆ ಬಂದರೆ ಅದಕ್ಕೆ ಅರ್ಥ ಇಲ್ಲ. ನನ್ನ ಕಾರ್ಟಿಸಾಲ್ ಚೆನ್ನಾಗಿತ್ತು. ಥೈರಾಯ್ಡ್‌ಗೆ ಕೆಲಸ ಮಾಡು ಅನ್ನುವ ಹಾರ್ಮೋನ್ ಟಿಎಸ್ಎಚ್ ಏರಿತ್ತು, ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಇತ್ತು, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ತೀರಾ ಕಡಿಮೆ. ಅಂದರೆ ದೇಹವೇ ತನ್ನ ಥೈರಾಯ್ಡ್ ಮೇಲೆ ತಿರುಗಿ ಬೀಳುವ ಹಾಶಿಮೋಟೊ ಕಾಯಿಲೆ, ಜೊತೆಗೆ ಕಬ್ಬಿಣದ ಕೊರತೆ. ಬಾಚಣಿಗೆ ತುಂಬಾ ಕೂದಲು, ಒಡೆದ ಹಿಮ್ಮಡಿ, ಬೆಳಗ್ಗೆ ಗೊಗ್ಗರಾಗುವ ದನಿ, ಎಲ್ಲಾ ಕಣ್ಣೆದುರೇ ಇತ್ತು. ನಾನು ಅದನ್ನೆಲ್ಲಾ ಅಡ್ರಿನಲ್ ಲೆಕ್ಕಕ್ಕೆ ಬರೆದಿದ್ದೆ. ಆ ಹೆಸರು ಮಾಡಿದ ನಷ್ಟ ಅದೇ. ಹುಡುಕುವುದನ್ನೇ ನಿಲ್ಲಿಸಿಬಿಟ್ಟಿದ್ದೆ.

ಕಾರ್ಟಿಸಾಲ್ ಮೊದಲು ನೋಡಿದ್ದಕ್ಕೂ ಕಾರಣ ಇತ್ತು. ಅಡಿಸನ್ ಇದ್ದವರಿಗೆ ಅದು ಗೊತ್ತಾಗದೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಶುರು ಮಾಡಿದರೆ ಇರುವ ಚೂರು ಕಾರ್ಟಿಸಾಲ್ ಕೂಡ ಬೇಗ ಕರಗಿ ಹೋಗಿ ಪರಿಸ್ಥಿತಿ ಕೈ ಮೀರಬಹುದು.

ನಿಮ್ಮ ಸುಸ್ತಿಗೆ ಕಾರಣ ಬೇರೆಯೇ ಇರಬಹುದು. ಬಿ12 ಕೊರತೆ, ಸಕ್ಕರೆ ಕಾಯಿಲೆ, ಖಿನ್ನತೆ, ಮುಟ್ಟು ನಿಲ್ಲುವ ಮುಂಚಿನ ವರ್ಷಗಳ ಏರುಪೇರು. ಜೋರಾಗಿ ಗೊರಕೆ ಹೊಡೆಯುವವರಲ್ಲಿ ನಿದ್ದೆಯಲ್ಲೇ ಉಸಿರು ಕಟ್ಟುತ್ತಿರಬಹುದು, ಒಂಬತ್ತು ಗಂಟೆ ಮಲಗಿದರೂ ಅವರಿಗೆ ನಿದ್ದೆ ಆಗಿರುವುದಿಲ್ಲ. ಇನ್ನು ಒತ್ತಡ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿದ್ದೆ ಕೆಡಿಸುತ್ತದೆ, ಮುಟ್ಟು ತಪ್ಪಿಸುತ್ತದೆ, ಮೈ ಹಿಂಡಿಬಿಡುತ್ತದೆ. ಗ್ರಂಥಿಯನ್ನು ಮಾತ್ರ ಬತ್ತಿಸುವುದಿಲ್ಲ.

ಆ ಡಬ್ಬಿಯ ವಿಷಯ ಹೇಳಲೇಬೇಕು. 2018ರಲ್ಲಿ ಅಮೆರಿಕದಲ್ಲಿ ಇಂಥ 12 ಮಾತ್ರೆಗಳನ್ನು ಪರೀಕ್ಷೆ ಮಾಡಿದಾಗ ಎಲ್ಲದರಲ್ಲೂ ಥೈರಾಯ್ಡ್ ಹಾರ್ಮೋನ್ ಸಿಕ್ಕಿತ್ತು, ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಕೂಡ. ಲೇಬಲ್ ಮೇಲೆ ಇದರ ಸುಳಿವೇ ಇರಲಿಲ್ಲ. ನನ್ನ ಡಬ್ಬಿಯಲ್ಲಿ ಏನಿತ್ತೋ! ಕೂದಲಿಗೆ ಅಂತ ತಗೊಳ್ಳುವ ಬಯೋಟಿನ್ ಕೂಡ ಥೈರಾಯ್ಡ್ ರಿಪೋರ್ಟನ್ನು ಅಡ್ಡದಾರಿ ಹಿಡಿಸುತ್ತದೆ. ನಿಮ್ಮ ಹತ್ತಿರವೂ ಇಂಥದ್ದು ಇದ್ದರೆ ಮುಚ್ಚಿಡಬೇಡಿ, ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ.