ರಾತ್ರಿ ಕಂಪ್ಯೂಟರ್ ಬಂದ್ ಮಾಡ್ಬೇಕೇನ್ರಿ, ಹಂಗೇ ಬಿಡ್ಬೇಕೇನ್ರಿ?

ಕಲಬುರಗಿಯಲ್ಲಿ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. “ಅಣ್ಣಾ, ರಾತ್ರಿ ಇದನ್ನ ಬಂದ್ ಮಾಡ್ಬೇಕೇನ್ರಿ? ದಿನಾ ಹಚ್ಚಿ ಬಂದ್ ಮಾಡಿದ್ರ ಲಗೂನ ಖರಾಬ್ ಆಗ್ತದಂತಲ್ರಿ?” ನನ್ನ ಉತ್ತರ ಒಂದೇ: ಬಂದ್ ಮಾಡ್ರಿ, ಗೋಡೆ ಮ್ಯಾಲಿನ ಸ್ವಿಚ್ಚೂ ಆರಿಸ್ರಿ.

ಪದೇ ಪದೇ ಆನ್-ಆಫ್ ಮಾಡಿದರೆ ಕೆಡುತ್ತದೆ ಎಂಬ ಮಾತಿಗೆ ಬುಡವೇ ಇಲ್ಲ ಅನ್ನಲಾರೆ. ಬಿಸಿಯಾಗಿ ತಣ್ಣಗಾಗುವಾಗ ಬೆಸುಗೆಗಳು ಹಿಗ್ಗಿ ಕುಗ್ಗುತ್ತವೆ. ಹಳೆಯ ಹಾರ್ಡ್ ಡಿಸ್ಕಿನ ಮೋಟರಿಗೆ ನಿಂತಲ್ಲಿಂದ ತಿರುಗಲು ಶುರುಮಾಡುವುದೇ ದೊಡ್ಡ ಕೆಲಸ. ಆದರೆ ದಿನಕ್ಕೊಮ್ಮೆ, ಎರಡು ಸಲ ಹಚ್ಚಿ ಆರಿಸುವುದು ಅದಕ್ಕೊಂದು ಲೆಕ್ಕವೇ ಅಲ್ಲ. ಹಾರ್ಡ್ ಡಿಸ್ಕಿನ ಜಾಗಕ್ಕೆ ಈಗ ಬಂದಿರುವ ಎಸ್‌ಎಸ್‌ಡಿಯಲ್ಲಂತೂ ತಿರುಗುವ ಭಾಗವೇ ಇಲ್ಲ.

ನಮ್ಮ ಊರಲ್ಲಿ ಯಂತ್ರವನ್ನು ತಿನ್ನುವುದು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹತ್ತಕ್ಕೂ ಕೋಣೆಯೊಳಗೆ ಝಳ ಬಿಡುತ್ತಿರುತ್ತದೆ. ಕಂಪ್ಯೂಟರಿನ ಒಳಗಿನ ಫ್ಯಾನ್ ಊದುವುದು ಆ ಕೋಣೆಯ ಗಾಳಿಯನ್ನೇ. ಏಸಿ ಹಾಕಿದ 22 ಡಿಗ್ರಿಯ ಆಫೀಸಿಗೂ 38 ಡಿಗ್ರಿಯ ನಮ್ಮ ಮನೆಗೂ ಇರುವ 16 ಡಿಗ್ರಿ ವ್ಯತ್ಯಾಸ ಹೆಚ್ಚುಕಡಿಮೆ ಹಾಗೆಯೇ ಪ್ರೊಸೆಸರಿನ ಮೇಲೆ ಬೀಳುತ್ತದೆ. ಪ್ರೊಸೆಸರ್ ಜಾಣ, 100 ಡಿಗ್ರಿಯ ಹತ್ತಿರ ಬಂದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪವರ್ ಸಪ್ಲೈ ಒಳಗೆ ಕರೆಂಟನ್ನು ಕೂಡಿಟ್ಟು ಬಿಡುವ ಕೆಪಾಸಿಟರಿಗೆ ಆ ಉಪಾಯ ಗೊತ್ತಿಲ್ಲ. ಪ್ರತಿ 10 ಡಿಗ್ರಿ ಏರಿಕೆಗೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಕರೆಂಟ್ ಹೋದಾಗ ಕೈಹಿಡಿಯುವ ಯುಪಿಎಸ್ ಬ್ಯಾಟರಿಯದೂ ಅದೇ ಕಥೆ. ಯಾರೂ ಕೂತಿರದ ಕೋಣೆಯಲ್ಲಿ ಇಡೀ ರಾತ್ರಿ ಯಂತ್ರವನ್ನು ಕಾಯಿಸುವುದು ಯಾತಕ್ಕೆ?

ಇದರ ಮೇಲೆ ಧೂಳು. ದಾಲ್ ಮಿಲ್ಲಿನ ಆಸುಪಾಸು ತೊಗರಿ ಹೊಟ್ಟು, ಶಹಾಬಾದ್ ಕಡೆ ಫರ್ಸಿ ಕಲ್ಲು ಕೊಯ್ಯುವ ಪುಡಿ. ಫ್ಯಾನ್ ಎಷ್ಟು ಹೊತ್ತು ತಿರುಗುತ್ತದೋ ಅಷ್ಟು ಹೊತ್ತೂ ಅದನ್ನು ಒಳಗೆ ಎಳೆಯುತ್ತದೆ. ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡಾದ ಹೀಟ್‌ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಹೊದ್ದು ಕೂತ ಧೂಳನ್ನು ಬ್ರಷ್ಷಿನಿಂದ ಕೆದರಿ ತೆಗೆಯುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಯಂತ್ರ, ಸುಮ್ಮನೆ ಉಸಿರುಕಟ್ಟಿ ಹಾಳಾಗುತ್ತದೆ.

ಇನ್ನು ಕರೆಂಟು. ಮನೆಯ 600 ವಿಎ ಯುಪಿಎಸ್ ಕಂಪ್ಯೂಟರನ್ನು ಹಿಡಿಯುವುದು ಹತ್ತು-ಹದಿನೈದು ನಿಮಿಷ. ಅದನ್ನು ಕೊಟ್ಟಿದ್ದೇ ನೀವು ಎದ್ದು ಫೈಲ್ ಸೇವ್ ಮಾಡಿ ಬಂದ್ ಮಾಡಲಿ ಅಂತ. ನಡುರಾತ್ರಿ ಕರೆಂಟ್ ಹೋದರೆ ಆ ಹತ್ತು ನಿಮಿಷ ಯಾರ ಉಪಯೋಗಕ್ಕೂ ಬರುವುದಿಲ್ಲ. ಅಪ್‌ಡೇಟ್ ಬರೆಯುತ್ತಿರುವಾಗಲೇ ಯಂತ್ರ ನಿಂತುಬಿಟ್ಟರೆ ಬೆಳಿಗ್ಗೆ ವಿಂಡೋಸ್ ಏಳದೇ ಇರಬಹುದು. ಸ್ಲೀಪ್‌ಗೆ ಹಾಕಿದರೂ ತೆರೆದಿಟ್ಟ ಕೆಲಸ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮಿನಲ್ಲಿರುತ್ತದೆ, ರ‍್ಯಾಮಿಗೆ ಕರೆಂಟು ಬೇಕು. ಊಟಕ್ಕೆ, ಸಂತೆಗೆ ಹೋಗಿ ಬರುವಷ್ಟು ಹೊತ್ತಿಗೆ ಸ್ಲೀಪ್ ಸಾಕು. ತೆರೆದ ಫೈಲುಗಳೆಲ್ಲ ಬೆಳಿಗ್ಗೆ ಹಾಗೆಯೇ ಸಿಗಬೇಕೆಂದರೆ ಹೈಬರ್ನೇಟ್ ಮಾಡಿ. ಅದು ಎಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಆಮೇಲೆ ಪ್ಲಗ್ ಕಿತ್ತರೂ ಚಿಂತೆಯಿಲ್ಲ.

ಬಿಲ್ಲಿನ ಲೆಕ್ಕ ಸಣ್ಣದು. ಸುಮ್ಮನೆ ಕೂತ ಡೆಸ್ಕ್‌ಟಾಪ್ 60 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ಎಂಟು ತಾಸಿಗೆ ಅರ್ಧ ಯೂನಿಟ್, ತಿಂಗಳಿಗೆ 14-15 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್ ಹಗಲೂ ರಾತ್ರಿ ಓಡುವ ಮನೆಗೆ ಈ ಹದಿನೈದೂ ಭಾರವೇ.

ಬಂದ್ ಮಾಡುವವರಿಗೆ ಎರಡು ಮಾತು. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಶಟ್‌ಡೌನ್ ಒತ್ತಿದರೂ ವಿಂಡೋಸಿನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ, ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಸೇರಿ ಮರುದಿನ ಹಾಗೆಯೇ ಏಳುತ್ತದೆ. “ದಿನಾ ಬಂದ್ ಮಾಡ್ತೀವ್ರಿ, ಆದ್ರೂ ಪ್ರಿಂಟರ್ ಹಟ ಮಾಡ್ತದ” ಅನ್ನುವವರಿಗೆ ನಾನು ಹೇಳುವುದು ರೀಸ್ಟಾರ್ಟ್, ಅದು ಒಳತಿರುಳನ್ನೂ ಪೂರ್ತಿ ಮುಚ್ಚಿ ಹೊಸದಾಗಿ ಏಳಿಸುತ್ತದೆ. ವಾರಕ್ಕೊಮ್ಮೆಯಾದರೂ ಮಾಡಿ. ಇನ್ನು, ದಿನಾ ಗೋಡೆಯ ಸ್ವಿಚ್ ಆರಿಸಿದರೆ ಒಳಗಿನ ಗಡಿಯಾರ ನಾಣ್ಯದಂಥ 3 ವೋಲ್ಟಿನ ಸೆಲ್ ಮೇಲೆ ನಡೆಯುತ್ತದೆ. ಕೆಲವು ವರ್ಷಕ್ಕೆ ಅದು ಸೋತಾಗ ತಾರೀಖು ಹಿಂದಕ್ಕೆ ಹೋಗಿ, ಅದು ತಾಳೆಯಾಗದ್ದಕ್ಕೆ ಬ್ರೌಸರ್ ಬ್ಯಾಂಕಿನ ವೆಬ್‌ಸೈಟು ಸುರಕ್ಷಿತವಲ್ಲ ಎಂದು ಹೆದರಿಸುತ್ತದೆ. ಗಾಬರಿ ಬೇಡ, ಸೆಲ್ ಬದಲಿಸಿದರೆ ಆಯಿತು, ಬೆಲೆಯೂ ಅಗ್ಗ.

ರಾತ್ರಿಯಿಡೀ ಓಡಿಸಲೇಬೇಕಾದ ಕೆಲಸ ಕೆಲವರಿಗಿರುತ್ತದೆ. ವಿಡಿಯೋ ರೆಂಡರ್ ಮಾಡುವವರು, ಅಂದರೆ ಎಡಿಟ್ ಆದ ವಿಡಿಯೋವನ್ನು ಪೂರ್ತಿ ಫೈಲಾಗಿ ತೆಗೆಯುವವರು; ದೂರದ ಆಫೀಸಿನಿಂದ ಇಂಟರ್ನೆಟ್ ಮೂಲಕ ಮನೆಯ ಯಂತ್ರಕ್ಕೆ ಕೈ ಹಾಕುವವರು. ಅವರು ಓಡಿಸಲಿ. ಆದರೆ ಮಾನಿಟರ್ ಆರಿಸಿ, ಕಪಾಟಿನ ಮೂಲೆಗೆ ತುರುಕಿದ ಪೆಟ್ಟಿಗೆಯನ್ನು ಗಾಳಿ ಆಡುವಲ್ಲಿ ಇಟ್ಟು, ಯುಪಿಎಸ್ ಜೊತೆಗೆ ಬರುವ ಯುಎಸ್‌ಬಿ ಕೇಬಲ್ ಇದ್ದರೆ ಜೋಡಿಸಿ. ಬ್ಯಾಟರಿ ಇಳಿದಾಗ ಕಂಪ್ಯೂಟರ್ ತಾನೇ ಬಂದ್ ಆಗುವಂತೆ ಆಗ ಹೊಂದಿಸಬಹುದು.

ಗುಡುಗು-ಸಿಡಿಲು ಶುರುವಾದಾಗ ಮಾತ್ರ ಯಾರಿಗೂ ವಿನಾಯಿತಿ ಇಲ್ಲ. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ರೌಟರಿನಿಂದ ಬರುವ ಲ್ಯಾನ್ ವೈರನ್ನೂ ಬಿಚ್ಚಿ. ಹೊರಗಿಂದ ಬಂದದ್ದು ಫೈಬರ್ ಆಗಿದ್ದರೂ ರೌಟರಿನ ಅಡಾಪ್ಟರ್ ನಿಮ್ಮ ಮನೆಯ ಕರೆಂಟಿಗೇ ಸಿಕ್ಕಿಸಿರುತ್ತದೆ, ಸಿಡಿಲು ಆ ದಾರಿಯಲ್ಲೂ ಮದರ್‌ಬೋರ್ಡಿಗೆ ಬರಬಹುದು.